ಫುಲ್ವಿಯಾ ಕೂಪೆ 1.3 ಎಸ್: ಎಷ್ಟು ಬಿಚ್ಚಬೇಕು, ಎಷ್ಟು ಬಿಡಬೇಕು

ನಾನು ಸರಿಮಾಡುತ್ತಿರುವ ಹಳೇ ಗಾಡಿ ಎಲ್ಲಿಗೆ ಬಂತು ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲ ಒಂದೇ ಕಡೆ ಬರೆದುಬಿಡುತ್ತೇನೆ.

ಕಾರು ಇಟಲಿಯ ಲಾಂಚಾ ಕಂಪನಿಯ ಫುಲ್ವಿಯಾ ಕೂಪೆ, ಎರಡನೇ ಸೀರೀಸ್, 1972ರದ್ದು. ನಾನಿರುವುದು ಟ್ಯೂರಿನ್‌ನಲ್ಲಿ, ಇದು ತಯಾರಾಗಿದ್ದು ಪಕ್ಕದ ಕಿವಾಸ್ಸೊ ಫ್ಯಾಕ್ಟರಿಯಲ್ಲಿ, ಹಾಗಾಗಿ ಜಾಸ್ತಿ ದೂರವೇನೂ ಹೋಗದ ಗಾಡಿ. ಒಬ್ಬರೇ ಮಾಲೀಕರು. ಅವರು ತೀರಿಕೊಂಡ ಮೇಲೆ ಮಕ್ಕಳು ಮಾರಿದರು. ಹಳೇ ಕಪ್ಪು ನಂಬರ್ ಪ್ಲೇಟ್, ಅದರ ಮೇಲೆ ಟ್ಯೂರಿನ್ನಿನ ಟಿಓ ಅಕ್ಷರ, ಮೊದಲ ದಿನದ ಕಾಗದ ಪತ್ರ, ಎಲ್ಲ ಇದೆ. ಚಾಸಿ 818.630 ಸರಣಿ, ಎಂಜಿನ್ 818.303, ಅಂದರೆ ಈ ಮಾಡೆಲ್‌ಗೆ ಬರಬೇಕಾದ ಎಂಜಿನ್ನೇ ಕೂತಿದೆ. ನಾನು ದುಡ್ಡು ಕೊಟ್ಟಿದ್ದು ಮುಖ್ಯವಾಗಿ ಇದಕ್ಕೆ. ಹೊಸ ಪೇಂಟ್ ಹೊಡೆದು ಫಳಫಳ ಅನ್ನಿಸಿದ ಫುಲ್ವಿಯಾಗಳು ಮಾರಾಟಕ್ಕೆ ಬೇಕಾದಷ್ಟು ಸಿಗುತ್ತವೆ. ಯಾರೂ ಕೈ ಹಾಕದ ಗಾಡಿ ಸಿಗುವುದು ಕಷ್ಟ.

ಅಕ್ಟೋಬರ್

ಮನೆಗೆ ತಂದಿದ್ದು ಟ್ರಕ್ ಮೇಲೆ. ವರ್ಷಗಟ್ಟಲೆ ನಿಂತ ಗಾಡಿಗೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯುವ ಆಸೆ ಎಲ್ಲರಿಗೂ ಬರುತ್ತದೆ, ಬರಬಾರದು. ಒಣಗಿದ ಸಿಲಿಂಡರ್ ಗೋಡೆ ಮೇಲೆ ರಿಂಗ್ ಉಜ್ಜಿದರೆ ಮುಗೀತು. ಪ್ಲಗ್ ಬಿಚ್ಚಿ ಒಳಗೆ ಸ್ವಲ್ಪ ಆಯಿಲ್ ಬಿಟ್ಟು, ಕೆಲವು ದಿನ ಹಾಗೇ ಇಟ್ಟು, ಆಮೇಲೆ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿದೆ. ತಿರುಗಿತು. ಆ ದಿನ ಬೇರೆ ಏನೂ ಮಾಡಲಿಲ್ಲ, ಬಾನೆಟ್ ಎತ್ತಿ ಸುಮ್ನೆ ನೋಡುತ್ತಾ ಕೂತೆ.

ನೋಡುವಂಥ ಎಂಜಿನ್ನೇ ಅದು. ವಿ4 ಅನ್ನುತ್ತಾರೆ, ಅಂದರೆ ನಾಲ್ಕು ಸಿಲಿಂಡರ್ ಎರಡು ಸಾಲಾಗಿ ವಿ ಆಕಾರದಲ್ಲಿ, ಆದರೆ ಎರಡು ಸಾಲಿನ ನಡುವಿನ ಕೋನ ಸುಮಾರು 13 ಡಿಗ್ರಿ ಅಷ್ಟೇ. ಸಾಲುಗಳು ಅಷ್ಟು ಹತ್ತಿರ ಇರುವುದರಿಂದ ನಾಲ್ಕೂ ಸಿಲಿಂಡರ್‌ಗೆ ಒಂದೇ ಹೆಡ್ ಸಾಕು. ಮೇಲೆ ಎರಡು ಕ್ಯಾಮ್‌ಶಾಫ್ಟ್, ಒಂದು ಇನ್‌ಟೇಕ್ ವಾಲ್ವ್‌ಗಳಿಗೆಲ್ಲ, ಇನ್ನೊಂದು ಎಕ್ಸಾಸ್ಟ್ ವಾಲ್ವ್‌ಗಳಿಗೆಲ್ಲ. ಇಷ್ಟೂ ಸಾಲದು ಅಂತ ಇಡೀ ಎಂಜಿನ್ ಅನ್ನು 45 ಡಿಗ್ರಿ ಒಂದು ಪಕ್ಕಕ್ಕೆ ವಾಲಿಸಿ, ಮುಂದಿನ ಚಕ್ರಗಳಿಗಿಂತಲೂ ಮುಂದೆ ಕೂರಿಸಿದ್ದಾರೆ. 1298 ಸಿಸಿಯಲ್ಲಿ 90 ಕುದುರೆ ಶಕ್ತಿ, ಆ ಕಾಲಕ್ಕೆ ಸಣ್ಣದಲ್ಲ. ಆಂಟೋನಿಯೊ ಫೆಸಿಯಾ ಅನ್ನುವ ಎಂಜಿನಿಯರ್‌ನ ಕಾಲದ ಯೋಚನೆ ಇದೆಲ್ಲ. ಖರ್ಚಿನ ಲೆಕ್ಕ ನೋಡದೆ ಹೀಗೆ ಕಾರು ಮಾಡಿದ್ದಕ್ಕೇ ಲಾಂಚಾ ಸಾಲಕ್ಕೆ ಬಿದ್ದು 1969ರಲ್ಲಿ ಫಿಯಟ್ ಪಾಲಾಯಿತು ಅಂತ ಇಲ್ಲಿಯ ಹಳಬರು ಬೈಯುತ್ತಾರೆ, ಬೈಯುವಾಗಲೂ ಮುಖದಲ್ಲಿ ಹೆಮ್ಮೆ ಇರುತ್ತದೆ. ಪ್ರೀಮಿಯರ್ ಪದ್ಮಿನಿಯಲ್ಲಿ ಕೂತು ಬೆಳೆದ ನನ್ನಂಥವನಿಗೆ ಫಿಯಟ್ ಅಂದರೆ ಸ್ಟೀರಿಂಗ್ ಪಕ್ಕದ ಗೇರ್, ಮುಂದೆ ಮೂರು ಜನ. ಅದೇ ಮನೆಗೆ ಸೇರಿದ ಕಾರು ಇದು ಅಂತ ಅಪ್ಪನಿಗೆ ಫೋನಿನಲ್ಲಿ ತೋರಿಸಿದರೆ ಅವರು ಕೇಳಿದ್ದು ಒಂದೇ ಮಾತು: "ಮೈಲೇಜ್ ಎಷ್ಟು ಕೊಡುತ್ತಪ್ಪಾ?"

ನವೆಂಬರ್

ತುಕ್ಕಿನ ತಿಂಗಳು. ಫುಲ್ವಿಯಾ ಕೊಳ್ಳುವವರು ಮೊದಲು ಮಲಗಿ ಕೆಳಗೆ ನೋಡಬೇಕು. ಎಂಜಿನ್, ಗೇರ್‌ಬಾಕ್ಸ್, ಮುಂದಿನ ಸಸ್ಪೆನ್ಷನ್ ಎಲ್ಲ ಹೊತ್ತಿರುವುದು ಒಂದು ಸಬ್‌ಫ್ರೇಮ್. ಅದು ಕಾರಿನ ಬಾಡಿಯನ್ನು ಕಚ್ಚುವ ಜಾಗದಲ್ಲಿ ನೀರು ನಿಂತು ಒಳಗಿಂದ ತಿನ್ನುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ಬಾಗಿಲ ಕೆಳಗಿನ ಸಿಲ್, ಜಾಕ್ ಕೊಡುವ ಜಾಗ, ಹಿಂದಿನ ಲೀಫ್ ಸ್ಪ್ರಿಂಗ್ ಹಿಡಿದಿರುವ ಜಾಗ, ಇವು ಉಳಿದ ಅಡ್ಡೆಗಳು. ಲಿಫ್ಟ್ ಮೇಲೆ ಏರಿಸಿ, ಸಣ್ಣ ಕ್ಯಾಮೆರಾ ಒಳಗೆ ಬಿಟ್ಟು ಮೂಲೆ ಮೂಲೆ ನೋಡಿದೆ. ಸಬ್‌ಫ್ರೇಮ್ ಗಟ್ಟಿ. ಬಲಗಡೆ ಜಾಕ್ ಜಾಗದಲ್ಲಿ ಮೇಲ್ಪದರದ ತುಕ್ಕು, ತೂತಿಲ್ಲ. ಉಜ್ಜಿ, ಪ್ರೈಮರ್ ಕೊಟ್ಟು, ಟೊಳ್ಳುಗಳ ಒಳಗೆಲ್ಲ ಮೇಣ ಸಿಂಪಡಿಸಿದೆ. ವೆಲ್ಡಿಂಗ್ ಬೇಕಾಗಲಿಲ್ಲ ಅನ್ನುವುದು ಈ ವರ್ಷದ ದೊಡ್ಡ ಸುದ್ದಿ.

ಪೇಂಟ್ ದಪ್ಪ ಅಳೆಯುವ ಮೀಟರ್ ಸಾಲ ತಂದೆ. ಫ್ಯಾಕ್ಟರಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ಬರುತ್ತದೆ. ಎಲ್ಲ ಕಡೆ ಹಾಗೇ ಬಂತು, ಎಡಗಡೆ ಮುಂದಿನ ಫೆಂಡರ್ ಬಿಟ್ಟು. ಅಲ್ಲಿ ದುಪ್ಪಟ್ಟಿಗಿಂತ ಜಾಸ್ತಿ. ಯಾವತ್ತೋ ಸಣ್ಣಗೆ ತಾಗಿಸಿ ಟಿಂಕರಿಂಗ್ ಮಾಡಿಸಿ ಪೇಂಟ್ ಹೊಡೆಸಿದ್ದಾರೆ, ಬಿಸಿಲಲ್ಲಿ ನಿಲ್ಲಿಸಿದರೆ ಬಣ್ಣ ಒಂದು ಚೂರು ಬೇರೆ ಕಾಣುತ್ತದೆ. ಪೇಂಟರ್ ಹೇಳಿದ್ದು, ಬಾಗಿಲಿನವರೆಗೂ ಹೊಡೆದರೆ ಕಣ್ಣಿಗೆ ಬೀಳಲ್ಲ ಅಂತ. ಒಂದು ಹಳೇ ರಿಪೇರಿ ಮುಚ್ಚುವುದಕ್ಕೆ ಪಕ್ಕದ ಒಳ್ಳೇ ಪೇಂಟ್ ಹಾಳು ಮಾಡಬೇಕು, ಅಲ್ವಾ? ಬೇಡ ಅಂದೆ. ಫೆಂಡರ್ ಹಾಗೇ ಇರಲಿ. ಮಾರುವ ದಿನ ಬಂದರೆ ಮೀಟರ್ ಕೈಗೆ ಕೊಟ್ಟು ನಾನೇ ತೋರಿಸುತ್ತೇನೆ.

ಇದರ ಜೊತೆ ಇನ್ನೊಂದು ಕಾಟ, ಗೆಳೆಯರದ್ದು. ಎಲ್ಲರೂ ಹೇಳುವುದು ಒಂದೇ, ಎಚ್‌ಎಫ್ ಥರ, ಅಂದರೆ ಫುಲ್ವಿಯಾದ ರ‍್ಯಾಲಿ ಮಾಡೆಲ್ ಥರ ಮಾಡಿಸು ಅಂತ. 1972ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಸಾಂಡ್ರೊ ಮುನಾರಿ, ಮಾರಿಯೊ ಮನ್ನುಚ್ಚಿ ಜೋಡಿ 14ನೇ ನಂಬರಿನ 1.6 ಎಚ್‌ಎಫ್‌ನಲ್ಲಿ ಗೆದ್ದಿತು. ಹಿಂದೆ ಎಂಜಿನ್ ಇದ್ದ, ಇದಕ್ಕಿಂತ ಜೋರಾದ ಆಲ್ಪೈನ್, ಪೋರ್ಷೆಗಳನ್ನು ಹಿಂದೆ ಹಾಕಿ. ಅಲ್ಲಿಂದ ಸಾಧಾರಣ ಫುಲ್ವಿಯಾಗೂ ಬಂಪರ್ ಕಿತ್ತು, ಬಾನೆಟ್ ಕಪ್ಪು ಮಾಡಿ, ನೀಲಿ ಹಳದಿ ಪಟ್ಟೆ ಎಳೆಯುವ ಚಟ. ಚೆನ್ನಾಗಿ ಕಾಣುತ್ತದೆ, ಇಲ್ಲ ಅನ್ನಲ್ಲ. ಆದರೆ ನಿಜವಾದ ಎಚ್‌ಎಫ್‌ನ ಎಂಜಿನ್ನೇ ಬೇರೆ, 1584 ಸಿಸಿ. ವೇಷ ಹಾಕಿದ ಮಾತ್ರಕ್ಕೆ ಅದಾಗಲ್ಲ, ಇದೂ ಉಳಿಯಲ್ಲ. ಈ ಕಾರಿನ ಡಿಸೈನರ್ ಪಿಯೆರೊ ಕಸ್ತಾನ್ಯೆರೊ ಬರೆದ ಗೆರೆಗಳು, ಆ ತೆಳ್ಳಗಿನ ಕಂಬಗಳು, ದೊಡ್ಡ ಗಾಜು, ಬಂಪರ್ ಇದ್ದಾಗಲೇ ಸರಿಯಾಗಿ ಕೂರುತ್ತವೆ ಅನ್ನುವುದು ನನ್ನ ಅಭಿಪ್ರಾಯ. ಜಗಳ ಆಡುವವರು ಆಡಬಹುದು.

ಜನವರಿ

ಸುಮ್ನೆ ಬಿಡುವ ಮಾತೇ ಇಲ್ಲದ ಕೆಲಸ: ಬ್ರೇಕ್. ನಾಲ್ಕೂ ಚಕ್ರಕ್ಕೆ ಡಿಸ್ಕ್ ಇದೆ, ಎರಡನೇ ಸೀರೀಸ್‌ನಲ್ಲಿ ಗರ್ಲಿಂಗ್ ಕ್ಯಾಲಿಪರ್. ಹಿಂದಿನ ಎರಡೂ ಜಾಮ್ ಆಗಿದ್ದವು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಆ ನೀರು ಪಿಸ್ಟನ್ ಸುತ್ತ ತುಕ್ಕು ಹಿಡಿಸುತ್ತದೆ. ಕ್ಯಾಲಿಪರ್ ಬಿಚ್ಚಿ ಪಿಸ್ಟನ್, ಸೀಲ್ ಹೊಸದು ಹಾಕಿದೆ. ರಬ್ಬರ್ ಹೋಸ್‌ಗಳನ್ನು ಮುಲಾಜಿಲ್ಲದೆ ಎಸೆದೆ. ಅವು ಹೊರಗೆ ಚೆನ್ನಾಗೇ ಇದ್ದವು, ಆದರೆ ಒಳಗೆ ಉಬ್ಬಿ ದಾರಿ ಮುಚ್ಚುತ್ತವೆ, ಪೆಡಲ್ ಒತ್ತಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ವಾಪಸ್ ಬರಲ್ಲ, ಬ್ರೇಕ್ ಹಿಡಿದುಕೊಂಡೇ ಇರುತ್ತದೆ. ಪೆಟ್ರೋಲ್ ಹೋಸ್‌ಗಳೂ ಹೊಸವು, ಎಥನಾಲ್ ತಡೆಯುವಂಥವು, ಯಾಕೆಂದರೆ ಈಗಿನ ಪೆಟ್ರೋಲ್ ಹಳೇ ರಬ್ಬರನ್ನು ಕರಗಿಸುತ್ತದೆ. ಊರಲ್ಲಿ ಹಳೇ ಗಾಡಿ ಇಟ್ಟುಕೊಂಡಿರುವವರಿಗೆ ಇದು ಬಿಡಿಸಿ ಹೇಳಬೇಕಿಲ್ಲ.

ಕಾರ್ಬೊರೇಟರ್ ಎರಡು, ಸೊಲೆಕ್ಸ್, ಒಂದೊಂದಕ್ಕೂ ಎರಡೆರಡು ಬಾಯಿ. ಒಣಗಿದ ಪೆಟ್ರೋಲ್ ಅಂಟಾಗಿ ಜೆಟ್‌ಗಳಲ್ಲಿ ಕೂತಿತ್ತು. ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ತೊಳೆದು ಗ್ಯಾಸ್ಕೆಟ್, ಡಯಾಫ್ರಾಮ್ ಬದಲಿಸಿದೆ. ಟ್ಯಾಂಕ್ ಇಳಿಸಿ ತೊಳೆಸಿದೆ.

ಮಾರ್ಚ್

ಸ್ಟಾರ್ಟ್ ಆಯಿತು. ಮೊದಲು ಪ್ಲಗ್ ಹಾಕದೆ ಸೆಲ್ಫ್ ಹೊಡೆದು ಆಯಿಲ್ ಪ್ರೆಷರ್ ಬರುವವರೆಗೆ ಕಾದೆ, ಆಮೇಲೆ ಪ್ಲಗ್, ಚೋಕ್. ಸಿಲಿಂಡರ್‌ಗೆ ಬಿಟ್ಟ ಆಯಿಲ್ ಸುಟ್ಟು ಗ್ಯಾರೇಜು ತುಂಬ ಹೊಗೆ, ಪಕ್ಕದ ಮನೆ ಅಜ್ಜಿ ಕಿಟಕಿ ಹಾಕಿಕೊಂಡರು. ಟೈಮಿಂಗ್ ಚೈನ್ ಸ್ವಲ್ಪ ಹೊತ್ತು ಗಲಗಲ ಅಂದು ಸುಮ್ಮನಾಯಿತು. ಸ್ಲೋ ಸ್ಪೀಡ್ ಮಾತ್ರ ನಿಲ್ಲಲಿಲ್ಲ. ನಾಲ್ಕೂ ಬಾಯಿಯ ಗಾಳಿ ಸಮ ಮಾಡುವುದಕ್ಕೆ ಏರ್ ಫ್ಲೋ ಮೀಟರ್ ಇಟ್ಟು ಒಂದೊಂದೇ ಸ್ಕ್ರೂ ತಿರುಗಿಸುತ್ತಾ ಕೂತೆ, ಒಂದು ಸರಿಯಾದರೆ ಇನ್ನೊಂದು ಕೆಡುತ್ತದೆ. ಈಗ ಪರವಾಗಿಲ್ಲ.

ಒಳಗಡೆ ಸೀಟ್ ತೊಳೆದಿದ್ದು ಬಿಟ್ಟರೆ ಏನೂ ಮಾಡಿಲ್ಲ. ಡ್ಯಾಶ್‌ಬೋರ್ಡಿನ ಮರದ ಮೇಲಿನ ವಾರ್ನಿಷ್ ಅಲ್ಲಲ್ಲಿ ಬಿರುಕು ಬಿಟ್ಟಿದೆ. ಅದನ್ನು ಕೆರೆದು ಹೊಸದು ಹಚ್ಚಿದರೆ ಹೋಟೆಲ್ ಟೇಬಲ್ ಥರ ಕಾಣುತ್ತದೆ, ಹಾಗೇ ಬಿಟ್ಟಿದ್ದೇನೆ.

ಉಳಿದಿರುವುದು ಟೈರು. ಈಗಿನವಕ್ಕೆ ಬದಿಯಲ್ಲಿ ತಯಾರಾದ ವಾರ, ವರ್ಷ ಹೇಳುವ ಡಾಟ್ ನಂಬರ್ ಮೂರಂಕಿಯದ್ದು, ಅಂದರೆ 2000ಕ್ಕೂ ಮುಂಚಿನವು. ಗ್ರಿಪ್ ಎಷ್ಟೇ ಕಂಡರೂ ರಬ್ಬರ್ ಕಲ್ಲಾಗಿದೆ, ಈ ಟೈರಿನಲ್ಲಿ ರಸ್ತೆಗೆ ಇಳಿಸಲ್ಲ. ಹಳೇ ಡಿಸೈನಿನ 14 ಇಂಚಿನ ಸೆಟ್ ಆರ್ಡರ್ ಮಾಡಿದ್ದೇನೆ. ಅವು ಬಂದ ಮೇಲೆ ಎರಡು ವರ್ಷಕ್ಕೊಮ್ಮೆ ಆಗಬೇಕಾದ ಸರ್ಕಾರಿ ತಪಾಸಣೆ, ಜೊತೆಗೆ ಎಎಸ್‌ಐ ಅನ್ನುವ ಇಟಲಿಯ ಹಳೇ ವಾಹನ ಕ್ಲಬ್‌ಗಳ ಒಕ್ಕೂಟದ ಸರ್ಟಿಫಿಕೇಟ್. ಮೂವತ್ತು ವರ್ಷ ದಾಟಿದ ಗಾಡಿಗೆ ಇಲ್ಲಿ ಮಾಮೂಲಿ ರೋಡ್ ಟ್ಯಾಕ್ಸ್ ಇಲ್ಲ, ಓಡಿಸಿದ ವರ್ಷ ಸಣ್ಣ ಮೊತ್ತ ಕಟ್ಟಿದರೆ ಸಾಕು. ಅಪ್ಪನ ಮೈಲೇಜ್ ಪ್ರಶ್ನೆಗೆ ಉತ್ತರ ಟೈರ್ ಬಂದ ಮೇಲೆ.