ಕೊಲೆಯೋ ನರಹತ್ಯೆಯೋ: ನನ್ನ ಜ್ಯೂರಿ ಆಟ ಎಲ್ಲಿಗೆ ಬಂತು

ಕಾರ್ಡ್‌ಗಳ ಕೆಲಸ ಮುಕ್ಕಾಲು ಭಾಗ ಮುಗಿದಿದೆ. ಹೊಸದಾಗಿ ಓದುತ್ತಿರುವವರಿಗೆ ಆಟದ ಬಗ್ಗೆ ಎರಡು ಮಾತು. ಇಂಗ್ಲೆಂಡಿನ ನಿಜವಾದ ಪ್ರಕರಣಗಳನ್ನು ಆರಿಸಿ, ಒಂದೊಂದನ್ನೂ ಕಾರ್ಡ್‌ಗಳಾಗಿ ಒಡೆಯುತ್ತಿದ್ದೇನೆ. ಒಂದು ಕಾರ್ಡಿಗೆ ಒಂದೇ ಸಂಗತಿ. ಆಡುವವರೇ ಜ್ಯೂರಿ. ಪ್ರತಿ ಕಾರ್ಡ್ ತಿರುಗಿಸಿದ ಮೇಲೂ ಎಲ್ಲರೂ ಗುಟ್ಟಾಗಿ ಚೀಟಿ ಹಾಕಬೇಕು: ಕೊಲೆಯೋ, ಬರೀ ನರಹತ್ಯೆಯೋ (ಮ್ಯಾನ್‌ಸ್ಲಾಟರ್, ಕೊಲೆಗಿಂತ ಕೆಳಗಿನ ಅಪರಾಧ)? ಯಾರು ಸತ್ತರು, ಯಾರಿಂದ ಸತ್ತರು ಅನ್ನುವುದು ಮೊದಲ ಕಾರ್ಡಿನಲ್ಲೇ ಗೊತ್ತಾಗಿಬಿಡುತ್ತದೆ. ಉಳಿಯುವುದು, ಆ ಹೊತ್ತಿಗೆ ಅವರ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಮಾತ್ರ.

ಇಂಗ್ಲೆಂಡ್ ಯಾಕೆ ಅಂತ ಕೇಳಿದವರಿದ್ದಾರೆ. ಅಲ್ಲಿ ಇದನ್ನು ತೀರ್ಮಾನಿಸುವುದು ಜ್ಯೂರಿ. ಕಾನೂನು ಓದದ ಜನ ಕೂತು ಹೇಳಬೇಕು. ಆಟಕ್ಕೆ ಇದಕ್ಕಿಂತ ಇನ್ನೇನು ಬೇಕು? ವ್ಯತ್ಯಾಸವೂ ಸಣ್ಣದಲ್ಲ. ಕೊಲೆ ಅಂತಾದರೆ ಜೀವಾವಧಿ ಶಿಕ್ಷೆ ಕಡ್ಡಾಯ. ನರಹತ್ಯೆ ಅಂತಾದರೆ ಎಷ್ಟು ಶಿಕ್ಷೆ ಅನ್ನುವುದು ನ್ಯಾಯಾಧೀಶರಿಗೆ ಬಿಟ್ಟದ್ದು.

ನಿಯಮದ ಕಾರ್ಡನ್ನು ಆದಷ್ಟು ಚಿಕ್ಕದಾಗಿ ಬರೆದಿದ್ದೇನೆ. ಸಾಯಿಸುವ ಉದ್ದೇಶ ಇದ್ದರೆ ಕೊಲೆ. ತೀವ್ರವಾಗಿ ಗಾಯ ಮಾಡುವ ಉದ್ದೇಶ ಇದ್ದು, ಅದರಿಂದ ಸತ್ತರೂ ಕೊಲೆಯೇ. ಈ ಎರಡನೇ ಭಾಗಕ್ಕೆ ಬಂದ ಕೂಡಲೇ ಆಡುವವರು ಜಗಳಕ್ಕೆ ನಿಲ್ಲುತ್ತಾರೆ. "ಸಾಯಲಿ ಅಂತ ಹೊಡೆದಿಲ್ಲ, ಕಾಲು ಮುರಿಯಲಿ ಅಂತ ಹೊಡೆದದ್ದು" ಅನ್ನುವುದು ಬಚಾವಾಗುವ ಮಾತು ಅಂತ ಎಲ್ಲರಿಗೂ ಅನ್ನಿಸುತ್ತದೆ. ಅಲ್ಲಿನ ಕಾನೂನಿನಲ್ಲಿ ಅದು ತಾನೇ ಉರುಳಿಗೆ ತಲೆ ಕೊಟ್ಟ ಹಾಗೆ.

ಮೊದಲು ಮುಗಿಸಿದ ಕಟ್ಟು, ಕಾರಿನದು. ಕದ್ದ ಮಾಲು ತುಂಬಿದ ಕಾರು. ನಿಲ್ಲಿಸು ಅಂದ ಪೊಲೀಸ್ ಪೇದೆ ಕಾರಿಗೆ ಜೋತುಬಿದ್ದ. ಚಾಲಕ ವೇಗ ಹೆಚ್ಚಿಸಿದ, ಪೇದೆ ಬೇರೆ ವಾಹನದ ಅಡಿಗೆ ಬಿದ್ದು ಸತ್ತ. 1960ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಇದನ್ನು ಕೊಲೆ ಅಂದಿತು. ಸಾಮಾನ್ಯ ಬುದ್ಧಿಯ ಮನುಷ್ಯನಿಗೆ ಇದರಿಂದ ಏನಾಗುತ್ತದೆ ಅಂತ ಗೊತ್ತಿರುತ್ತಿತ್ತು, ಆದ್ದರಿಂದ ಇವನಿಗೂ ಆ ಉದ್ದೇಶ ಇತ್ತು ಅನ್ನುವ ಲೆಕ್ಕ ಅದು. ನನಗೆ ಈ ಲೆಕ್ಕ ಯಾವತ್ತೂ ಒಪ್ಪಿಗೆಯಾಗಿಲ್ಲ. ಯಾರದೋ ಬುದ್ಧಿಯನ್ನು ತಂದು ಇವನ ತಲೆಯೊಳಗೆ ಇಡುವುದು ಯಾವ ನ್ಯಾಯ? 1967ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ 8ನೇ ಸೆಕ್ಷನ್ ಇದನ್ನು ಸರಿ ಮಾಡಿತು. ಪರಿಣಾಮ ಸಹಜವಾಗಿತ್ತು ಅನ್ನುವ ಒಂದೇ ಕಾರಣಕ್ಕೆ ಉದ್ದೇಶವೂ ಇತ್ತು ಅಂತ ಜ್ಯೂರಿ ಒಪ್ಪಬೇಕಿಲ್ಲ. ಎಲ್ಲ ಸಾಕ್ಷ್ಯ ನೋಡಿ, ಈ ಮನುಷ್ಯನ ಮನಸ್ಸಿನಲ್ಲಿ ಏನಿತ್ತು ಅಂತ ಹೇಳಬೇಕು. ಈ ಸೆಕ್ಷನ್ನನ್ನೂ ಒಂದು ಕಾರ್ಡ್ ಮಾಡಿದ್ದೇನೆ. ಅದು ಆಟದ ಪೂರ್ತಿ ಮೇಜಿನ ಮೇಲೆ ತೆರೆದೇ ಇರುತ್ತದೆ.

ಬಂದೂಕಿನ ಕಟ್ಟು ಎಲ್ಲರಿಗೂ ಇಷ್ಟ. 1985ರ ಮೊಲೊನಿ ಪ್ರಕರಣ. ಮನೆಯಲ್ಲಿ ಸಮಾರಂಭ, ಮಗ ಮತ್ತು ಮಲತಂದೆ ಇಬ್ಬರೂ ಚೆನ್ನಾಗಿ ಕುಡಿದಿದ್ದಾರೆ. ಬಂದೂಕಿಗೆ ಯಾರು ಬೇಗ ಗುಂಡು ತುಂಬುತ್ತಾರೆ ಅಂತ ಪಂದ್ಯ. ಗುಂಡು ಹಾರಿತು, ತಂದೆ ಸತ್ತರು. ಮಗನೇ ಪೊಲೀಸರಿಗೆ ಫೋನ್ ಮಾಡಿ, ಅಪ್ಪನನ್ನು ಕೊಲೆ ಮಾಡಿದ್ದೇನೆ ಅಂದ. ಈ ಕಾರ್ಡ್ ತಿರುಗಿಸಿದ ಕೂಡಲೇ ಚೀಟಿಗಳೆಲ್ಲ "ಕೊಲೆ" ಕಡೆಗೆ ವಾಲುತ್ತವೆ. ಆದರೆ ಗುಂಡು ಹಾರಿದ ಕ್ಷಣದಲ್ಲಿ ಅವನು ಏನನ್ನು ಬಯಸಿದ್ದ ಅನ್ನುವುದನ್ನು ಆ ಮಾತು ಹೇಳುವುದಿಲ್ಲ, ಅಲ್ವಾ? ಕೊನೆಗೆ ಹೌಸ್ ಆಫ್ ಲಾರ್ಡ್ಸ್ ಕೊಲೆಯ ತೀರ್ಪನ್ನು ತೆಗೆದು ನರಹತ್ಯೆ ಅಂತ ಬದಲಾಯಿಸಿತು. ಘಟನೆ ಆದ ಮೇಲಿನ ಮಾತಿಗೆ ಎಷ್ಟು ಬೆಲೆ ಕೊಡಬೇಕು ಅನ್ನುವ ಚರ್ಚೆಯಲ್ಲೇ ಈ ಕಟ್ಟು ಜಾಸ್ತಿ ಹೊತ್ತು ತಿನ್ನುತ್ತದೆ.

ಈ ಸಲದ ದೊಡ್ಡ ಬದಲಾವಣೆ ಬಂದದ್ದು ಪೆಟ್ರೋಲಿನ ಕಟ್ಟಿನಿಂದ. 1974ರ ಹಯಾಮ್ ಪ್ರಕರಣ. ಒಬ್ಬ ಹೆಂಗಸು ತನ್ನ ಹಳೆಯ ಪ್ರಿಯಕರನನ್ನು ಮದುವೆಯಾಗಲಿದ್ದವಳ ಮನೆಗೆ ರಾತ್ರಿ ಹೋಗಿ, ಬಾಗಿಲಿನ ಅಂಚೆ ಕಿಂಡಿಯಿಂದ ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದಳು. ಒಳಗಿದ್ದ ಇಬ್ಬರು ಮಕ್ಕಳು ಸತ್ತರು. ಹೆದರಿಸಿ ಓಡಿಸಬೇಕು ಅಂತಷ್ಟೇ ಇತ್ತು ಅಂದಳು. ಇನ್ನೊಂದು ಸಂಗತಿ ಇದೆ: ಅಲ್ಲಿಗೆ ಹೋಗುವ ಮುಂಚೆ, ಪ್ರಿಯಕರ ಅವನ ಸ್ವಂತ ಮನೆಯಲ್ಲೇ ಇದ್ದಾನೆ ಅಂತ ಖಚಿತ ಮಾಡಿಕೊಂಡಿದ್ದಳು. ಮಕ್ಕಳ ಕಾರ್ಡ್ ಮೊದಲು ಬಂದರೆ ಚರ್ಚೆಯೇ ನಡೆಯುವುದಿಲ್ಲ. "ಹೆದರಿಸಲು" ಅನ್ನುವ ಕಾರ್ಡ್ ಮೊದಲು ಬಂದರೆ ಚೀಟಿಗಳು ಒಡೆಯುತ್ತವೆ. ಪ್ರಿಯಕರನ ಕಾರ್ಡ್ ಬಂದಾಗ ಮತ್ತೆ ಕೊಲೆಯ ಕಡೆಗೆ ಹೋಗುತ್ತವೆ. ಅವನು ಅಲ್ಲಿರಬಾರದು ಅಂತ ನೋಡಿಕೊಂಡಳು ಅಂದರೆ, ಬೆಂಕಿ ಏನು ಮಾಡಬಲ್ಲದು ಅಂತ ಅವಳಿಗೆ ತಿಳಿದಿತ್ತು. ಸಂಗತಿಗಳು ಅವೇ, ಕ್ರಮ ಬೇರೆ, ತೀರ್ಪು ಬೇರೆ! ಲಾರ್ಡ್ಸ್ ಕೂಡ ಒಂದೇ ದನಿಯಲ್ಲಿ ಇರಲಿಲ್ಲ. 3-2 ಬಹುಮತದಿಂದ ಕೊಲೆಯ ತೀರ್ಪು ಉಳಿಯಿತು.

ಹಾಗಾಗಿ ಕಾರ್ಡ್ ಕಲಸುವುದನ್ನು ಕೈಬಿಟ್ಟಿದ್ದೇನೆ. ಈಗ ಎರಡು ಗುಂಪು. ಮೊದಲು ಪ್ರಾಸಿಕ್ಯೂಷನ್ ಕಾರ್ಡ್‌ಗಳು, ಆಮೇಲೆ ಆರೋಪಿಯ ಕಡೆಯವು. ಕೋರ್ಟಿನಲ್ಲಿ ನಡೆಯುವುದೂ ಹೀಗೆಯೇ. ಸತ್ತವರ ವಯಸ್ಸು, ಮನೆಯವರ ಗೋಳು ಇಂಥವನ್ನು ಬೂದು ಬಣ್ಣದಲ್ಲಿ ಮಾಡಿದ್ದೇನೆ. ಅವು ಆಟದಲ್ಲಿರುತ್ತವೆ, ಆದರೆ ಉದ್ದೇಶದ ಬಗ್ಗೆ ಏನೂ ಹೇಳುವುದಿಲ್ಲ. ಯಾರಾದರೂ ಬೂದು ಕಾರ್ಡ್ ಹಿಡಿದು ವಾದ ಮಾಡಿದರೆ ಎದುರಿನವರು ತಡೆಯಬಹುದು.

ಕೊನೆಯ ಸುತ್ತಿಗೆ ಎರಡು ಪ್ರಕರಣಗಳನ್ನು ಜೋಡಿ ಮಾಡಿದ್ದೇನೆ. ಒಂದು 1998ರ ವುಲಿನ್. ತಾಳ್ಮೆ ಕಳೆದುಕೊಂಡ ತಂದೆ ಮೂರು ತಿಂಗಳ ಮಗುವನ್ನು ಎಸೆದ, ಮಗು ಗಟ್ಟಿ ನೆಲಕ್ಕೋ ಗೋಡೆಗೋ ಬಡಿದು ತಲೆಬುರುಡೆ ಒಡೆದು ಸತ್ತಿತು. ಅಪಾಯ ಇದೆ ಅಂತ ತಿಳಿದಿದ್ದರೆ ಸಾಲದು ಅಂದಿತು ಹೌಸ್ ಆಫ್ ಲಾರ್ಡ್ಸ್. ಸಾವು ಅಥವಾ ತೀವ್ರ ಗಾಯ ಹೆಚ್ಚುಕಡಿಮೆ ಖಚಿತವಾಗಿರಬೇಕು, ಅದು ಖಚಿತ ಅಂತ ಅವನಿಗೂ ಗೊತ್ತಿರಬೇಕು. ಆಗ ಮಾತ್ರ ಜ್ಯೂರಿ ಉದ್ದೇಶ ಇತ್ತು ಅಂತ ತೀರ್ಮಾನಿಸಬಹುದು. ತೀರ್ಪು ನರಹತ್ಯೆಗೆ ಇಳಿಯಿತು. ಇನ್ನೊಂದು 2003ರದು. ಒಬ್ಬ ಯುವಕನನ್ನು ಸೇತುವೆಯಿಂದ ನದಿಗೆ ಎಸೆದರು. ತನಗೆ ಈಜು ಬರುವುದಿಲ್ಲ ಅಂತ ಅವನು ಹೇಳಿದ್ದ. ಕೊಲೆಯ ತೀರ್ಪು ಮೇಲ್ಮನವಿಯಲ್ಲೂ ನಿಂತಿತು. ಆ ಒಂದು ಮಾತಿನ ಕಾರ್ಡನ್ನು ತೆಗೆದಿಟ್ಟು ಆಡಿಸಿ ನೋಡಿದೆ. ತಮಾಷೆಗೆ ಮಾಡಿದ್ದು ಕೈಮೀರಿತು ಅನ್ನುವವರೇ ಹೆಚ್ಚು. ಕಾರ್ಡ್ ವಾಪಸ್ ಇಟ್ಟರೆ ಆ ವಾದ ಅಲ್ಲೇ ನಿಲ್ಲುತ್ತದೆ.

ಹಳದಿ ಕಾರ್ಡ್‌ಗಳು ಇನ್ನೂ ಬಾಕಿ. ಸಾಯಿಸುವ ಉದ್ದೇಶ ಇದ್ದೂ ನರಹತ್ಯೆ ಆಗುವ ದಾರಿಗಳು ಅವು: ಮಾನಸಿಕ ಸ್ಥಿತಿ ಕೆಟ್ಟಿದ್ದದ್ದು, 2009ರ ಕಾಯ್ದೆ ಹೇಳುವ ರೀತಿಯಲ್ಲಿ ಹಿಡಿತ ತಪ್ಪಿದ್ದು. ಸುಮ್ನೆ ಸಿಟ್ಟು ಬಂತು ಅಂದರೆ ಆಗುವುದಿಲ್ಲ. ಕರುಣೆಯಿಂದ ಸಾಯಿಸಿದೆ ಅನ್ನುವುದು ಹಳದಿ ಅಲ್ಲ. ಒಳ್ಳೆಯ ಕಾರಣ ಇದ್ದರೂ ಉದ್ದೇಶ ಉದ್ದೇಶವೇ, ಆದ್ದರಿಂದ ಕೊಲೆ. ಇದನ್ನು ಹೇಳಿದಾಗ ಮೇಜಿನ ಸುತ್ತ ಯಾರಿಗೂ ಸಮಾಧಾನವಾಗುವುದಿಲ್ಲ. ನನಗೂ ಇಲ್ಲ.

ಮುಂದಿನದು 1986ರ ಕಾಂಕ್ರೀಟ್ ದಿಮ್ಮಿಯ ಕಟ್ಟು. ಮುಷ್ಕರದಲ್ಲಿದ್ದ ಇಬ್ಬರು ಗಣಿ ಕಾರ್ಮಿಕರು ಕೆಲಸಕ್ಕೆ ಹೊರಟವನ ಟ್ಯಾಕ್ಸಿಯನ್ನು ತಡೆಯಲು ಸೇತುವೆಯಿಂದ ದಿಮ್ಮಿ ತಳ್ಳಿದರು, ಚಾಲಕ ಸತ್ತ. ದಿಮ್ಮಿ ಎಲ್ಲಿ ಬೀಳಲಿ ಅಂತ ಅವರು ಎಣಿಸಿದ್ದರು ಅನ್ನುವುದರ ಮೇಲೆಯೇ ಎಲ್ಲ ನಿಂತಿದೆ. ಮಾತಿನಲ್ಲಿ ಬರೆದರೆ ತಲೆಗೆ ಹೋಗುತ್ತಿಲ್ಲ. ರಸ್ತೆಯ ಲೇನ್‌ಗಳ ಚಿತ್ರ ಬಿಡಿಸಿ ನೋಡುತ್ತೇನೆ.