ಹಿನ್ನೀರಿಗೆ ಹಾಯಿ ಕಟ್ಟಿದ ನನ್ನ ಕ್ಲಾಸ್‌ಮೇಟ್

ಬಾಗಲಕೋಟೆಯವರಿಗೆ ದೋಣಿ ಹೊಸದಲ್ಲ. ಹೊಳೆ ದಾಟೋಕೆ ತೆಪ್ಪ ಇತ್ತು, ನಾವೆ ಇತ್ತು, ಮೀನು ಹಿಡಿಯುವವರು ಈಗಲೂ ಹರಗೋಲು ಹಾಕುತ್ತಾರೆ. ಆದರೆ ಗಾಳಿಯಿಂದ ಓಡುವ ದೋಣಿ, ಅದೂ ಸುಮ್ನೆ ಖುಷಿಗೆ ಅಂತ ಇಟ್ಟುಕೊಂಡವನು ನನಗೆ ಗೊತ್ತಿರೋ ಹಾಗೆ ನಮ್ಮೂರಲ್ಲಿ ಒಬ್ಬನೇ. ನನ್ನ ಹೈಸ್ಕೂಲ್ ಕ್ಲಾಸ್‌ಮೇಟ್. ಈ ಜೂನ್‌ನಲ್ಲಿ ತೀರಿಕೊಂಡ. ಬೆಳಗಿನ ಜಾವ ಹಾರ್ಟ್ ಅಟ್ಯಾಕ್ ಆಯ್ತು, ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಸಿಗಲಿಲ್ಲ. ಅವನ ಹೆಸರು ಇಲ್ಲಿ ಹಾಕೋದಿಲ್ಲ, ಬ್ಯಾನರ್‌ನಲ್ಲಿ ಹೆಸರು ಬಂದರೂ ಮುಜುಗರಪಡುತ್ತಿದ್ದ ಮನುಷ್ಯ. ನವನಗರದ ಹುಡುಗರು ಕರೆಯುತ್ತಿದ್ದ ಹಾಗೆ ಬೋಟ್ ಕಾಕಾ ಅಂತಲೇ ಇರಲಿ.

ಗಾಳಿಯ ಹುಚ್ಚು ಅವನಿಗೆ ಮೊದಲಿನಿಂದ ಇತ್ತು. ನಾವು ಎಂಟನೇ ಕ್ಲಾಸಿನಲ್ಲಿದ್ದಾಗ ಲಾರಿ ಟ್ಯೂಬ್ ಎರಡು ಜೋಡಿಸಿ, ನಡುವೆ ಬಿದಿರಿನ ಗಳ ನಿಲ್ಲಿಸಿ, ಅದಕ್ಕೆ ಅಜ್ಜನ ಧೋತರ ಬಿಗಿದು ಘಟಪ್ರಭೆಗೆ ಇಳಿಸಿದ. ಹೋಯ್ತು! ಎಷ್ಟು ಚಂದ ಹೋಯ್ತು ಅಂದರೆ ದಂಡೆಯಲ್ಲಿದ್ದ ನಾವೆಲ್ಲ ಕೂಗಾಡಿಕೊಂಡು ಅದರ ಜೊತೆ ಓಡಿದೆವು. ವಾಪಸ್ ಬರೋದು ಮಾತ್ರ ಆಗಲಿಲ್ಲ. ಕಡೆಗೆ ಮೀನಿನವರೊಬ್ಬರು ತಮ್ಮ ಹರಗೋಲಿಗೆ ಕಟ್ಟಿಕೊಂಡು ಎಳೆದು ತಂದರು. ಧೋತರ ಹರಿದಿತ್ತು, ಅಜ್ಜನ ಕೈಯಲ್ಲಿ ಸರಿಯಾಗಿ ಬಿತ್ತು.

ಪಿಯುಸಿ ಮುಗಿಸಿ ಸೈನ್ಯಕ್ಕೆ ಸೇರಿದ. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್. ಅವರ ಸೆಂಟರ್ ಇರೋದೇ ಹಲಸೂರು ಕೆರೆಯ ಪಕ್ಕ. ಸೇತುವೆ ಕಟ್ಟೋದು, ದೋಣಿ ನಡೆಸೋದು ಆ ಪಡೆಯವರ ಕೆಲಸವೇ, ಜೊತೆಗೆ ಕೆರೆಯಲ್ಲಿ ಹಾಯಿದೋಣಿಯೂ ಇತ್ತು. ಅಲ್ಲಿಂದ ನನಗೊಂದು ಇನ್‌ಲ್ಯಾಂಡ್ ಲೆಟರ್ ಬರೆದ, ಇನ್ನೂ ನನ್ನ ಹತ್ತಿರ ಇದೆ. ಕ್ಷೇಮ ಸಮಾಚಾರ ಎರಡು ಸಾಲು, ಉಳಿದಿದ್ದೆಲ್ಲ ಚಿತ್ರ. ಗಾಳಿಗೆ ಬಾಣದ ಗುರುತು, ಅದಕ್ಕೆ ಎದುರಾಗಿ ಅಂಕುಡೊಂಕಾಗಿ ಹತ್ತುವ ದೋಣಿಯ ದಾರಿ. ಯಾವ ಹಾಯಿಯೂ ಗಾಳಿಗೆ ನೇರ ಎದುರು ಹೋಗೋದಿಲ್ಲವಂತೆ. ಸುಮಾರು 45 ಡಿಗ್ರಿ ಓರೆ ಹಿಡಿದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳಿಸುತ್ತಾ ಹೋಗಬೇಕು. ದೋಣಿಯ ಅಡಿಯಲ್ಲಿ ನೀರಿಗೆ ಇಳಿಬಿಟ್ಟ ಒಂದು ಹಲಗೆ ಇರುತ್ತದೆ, ಅದು ದೋಣಿಯನ್ನು ಪಕ್ಕಕ್ಕೆ ಜಾರೋಕೆ ಬಿಡೋದಿಲ್ಲ. ಕೆಳಗೆ ಬರೆದಿದ್ದ: "ನಮ್ಮ ಟ್ಯೂಬಿಗೆ ಈ ಹಲಗಿ ಇರಲಿಲ್ಲ ದೋಸ್ತ, ಅದಕ್ಕ ವಾಪಸ್ ಬರಲಿಲ್ಲ."

ಅವನು ಅಲ್ಲಿ ದೋಣಿ ಕಲಿಯುತ್ತಿದ್ದ ವರ್ಷಗಳಲ್ಲೇ ಇಲ್ಲಿ ನಮ್ಮ ಊರು ನೀರಿಗೆ ಹೋಯ್ತು. ಕೃಷ್ಣೆಗೆ ಅಡ್ಡ ಕಟ್ಟಿದ ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟಿದ್ದರು, ನೀರು ನಮ್ಮ ಓಣಿಗೆ ಬರೋ ಹೊತ್ತಿಗೆ ಹೆಚ್ಚು ಕಡಿಮೆ ಒಂದು ತಲೆಮಾರೇ ಕಳೆದಿತ್ತು. ಹಳೇ ಬಾಗಲಕೋಟೆಯಿಂದ, ಮನೆ ಮುಳುಗಿದವರಿಗೆ ಅಂತ ಕಟ್ಟಿದ ನವನಗರಕ್ಕೆ ಹೋದವರಿಗೆ ಗೊತ್ತು ಅದು ಹೇಗಿತ್ತು ಅಂತ. ಬಾಗಿಲು, ತೊಲೆ, ಜಂತಿ ಎಲ್ಲಾ ಬಿಚ್ಚಿ ಟ್ರ್ಯಾಕ್ಟರಿಗೆ ಹಾಕಿಕೊಂಡು ಸೆಕ್ಟರ್ ನಂಬರ್ ಹುಡುಕಿಕೊಂಡು ಹೋಗಿದ್ದು. ನಮ್ಮ ಅವ್ವ ಹಿನ್ನೀರಿನ ಕಡೆ ಮುಖ ಮಾಡಿ ನಿಲ್ಲುತ್ತಿರಲಿಲ್ಲ. ಬಸ್ಸಿನಲ್ಲಿ ಹೋಗುವಾಗಲೂ ಆ ಕಡೆಯ ಕಿಟಕಿ ಬೇಡ ಅನ್ನುತ್ತಿದ್ದಳು. ಇಂಥ ಮನೆಗಳು ನಮ್ಮಲ್ಲಿ ಬಹಳ.

ಪೆನ್ಷನ್ ತಗೊಂಡು ವಾಪಸ್ ಬಂದವನು ಅದೇ ನೀರಿಗೆ ದೋಣಿ ತಂದ. ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕ, ಎಂಟರ್‌ಪ್ರೈಸ್ ಅನ್ನೋ ಮಾದರಿಯ ಹಾಯಿದೋಣಿ, ಇಬ್ಬರು ಕೂರುವಂಥದ್ದು, 13 ಅಡಿಗಿಂತ ಸ್ವಲ್ಪ ಜಾಸ್ತಿ ಉದ್ದ. ಟೆಂಪೋದಲ್ಲಿ ಹೇರಿಕೊಂಡು ಬಂದ. ಹಾಯಿ ಎರಡು ಕಡೆ ಹರಿದಿತ್ತು, ಶಾಮಿಯಾನ ಹೊಲಿಯುವವರ ಹತ್ತಿರ ಒಯ್ದು ತೇಪೆ ಹಾಕಿಸಿದ. ನೀಲಿ ಹಾಯಿಗೆ ಮರೂನ್ ಬಣ್ಣದ ತೇಪೆ, ದೂರದಿಂದಲೇ ಗೊತ್ತಾಗುತ್ತಿತ್ತು ಅವನೇ ಅಂತ.

ನಮ್ಮ ಕಡೆ ಮಳೆ ಕಡಿಮೆ, ಗಾಳಿ ಮಾತ್ರ ಜೋರು. ಆಷಾಢದಲ್ಲಿ ಪಡುವಣ ಗಾಳಿ ಬೀಸೋಕೆ ಶುರುವಾದರೆ ಮನೆಯ ಪತ್ರಾಸಿನ ತಗಡು ಹಾರಿಹೋಗುತ್ತದೆ. ಅದೇ ಹೊತ್ತಿಗೆ ಸಹ್ಯಾದ್ರಿಯಲ್ಲಿ ಮಳೆ ಹಿಡಿದು ಕೃಷ್ಣೆ, ಘಟಪ್ರಭೆ ತುಂಬಿ ಹಿನ್ನೀರು ಏರುತ್ತದೆ. ಗಾಳಿಯೂ ನೀರೂ ಒಂದೇ ತಿಂಗಳಲ್ಲಿ ಬರುತ್ತವೆ, ತಲೆ ಮೇಲೆ ಸುರಿಯೋ ಮಳೆ ಇರಲ್ಲ. ಹಾಯಿದೋಣಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ ಅಂತ ಅವನ ವಾದ. ನನಗೂ ಅದು ಸರಿ ಅನಿಸುತ್ತದೆ. ನಾವು ಆ ನೀರಿನಲ್ಲಿ ಹೋದದ್ದನ್ನೇ ನೋಡುತ್ತಿದ್ದೆವು, ಅವನು ಇರೋದನ್ನೂ ನೋಡಿದ.

ಹಾಗಂತ ಮರೆತಿದ್ದ ಅಂತಲ್ಲ. ಒಮ್ಮೆ ನನ್ನನ್ನು ಕೂರಿಸಿಕೊಂಡು ಹೋದ. "ಕುಂದ್ರು, ನಾ ಹೇಳಿದಾಗ ತಲಿ ಬಗ್ಸು" ಅಷ್ಟೇ ಟ್ರೇನಿಂಗು. ದೋಣಿ ಹೊರಳಿಸುವಾಗ ಹಾಯಿಯ ಕೆಳಗಿನ ಅಡ್ಡ ಗಳ ಭರ್ರನೆ ಈ ಕಡೆಯಿಂದ ಆ ಕಡೆ ಬರುತ್ತದೆ, ಬಗ್ಗದಿದ್ದರೆ ತಲೆಗೇ ಪೆಟ್ಟು. ನೀರು ಇನ್ನೂ ಪೂರ್ತಿ ತುಂಬಿರಲಿಲ್ಲ. ಒಂದು ಕಡೆ ಬರುತ್ತಲೇ ಅವನು ಅಡಿಹಲಗೆಯನ್ನು ಅರ್ಧ ಮೇಲಕ್ಕೆ ಎಳೆದ. ಯಾಕೋ ಅಂದೆ. "ಕೆಳಗ ಗ್ವಾಡಿ ಅದಾವ. ಇದು ನಿಮ್ಮ ಓಣಿ ಅಲ್ಲೇನು" ಅಂದ. ಎಲ್ಲಿ ಹಳೇ ಗೋಡೆ ಉಳಿದಿದೆ, ಎಲ್ಲಿ ಜಾಲಿಕಂಟಿ ಮುಳುಗಿದೆ, ಎಲ್ಲಿ ಬಾವಿ ಇತ್ತು, ಎಲ್ಲವನ್ನೂ ನೀರಿನ ಮೇಲಿಂದಲೇ ಗುರುತಿಟ್ಟಿದ್ದ. ಬೇಸಿಗೆಯಲ್ಲಿ ನೀರು ಇಳಿದಾಗ ನಡೆದುಕೊಂಡು ಹೋಗಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದನಂತೆ. ಆ ನೋಟ್‌ಬುಕ್ ನಾನು ಆಮೇಲೆ ನೋಡಿದೆ. ಓಣಿಗಳ ಹೆಸರೂ ಹಾಕಿದ್ದಾನೆ.

ಮಕ್ಕಳ ವಿಷಯಕ್ಕೆ ಬರುತ್ತೇನೆ, ಯಾಕಂದರೆ ಊರು ಅವನನ್ನು ನೆನೆಸೋದು ಅದಕ್ಕೇ. ನಮ್ಮ ಬಾಗಲಕೋಟೆಯ ಹೋಳಿ ಎಲ್ಲರಿಗೂ ಗೊತ್ತು, ಹಲಗಿ ಬಾರಿಸೋದು, ಬಂಡಿಯಲ್ಲಿ ಬ್ಯಾರಲ್‌ಗಟ್ಟಲೆ ಬಣ್ಣ. ಬಣ್ಣ ಆಡಿ ಮುಗಿಸಿ ಹುಡುಗರು ನೀರಿಗೆ ಇಳಿಯುತ್ತಾರೆ. ಹೊಳೆಯಲ್ಲಿ ಈಸಿ ಬೆಳೆದವರ ಮಕ್ಕಳಿಗೆ ಈಗ ಈಸೋಕೆ ಬರಲ್ಲ, ಹಿನ್ನೀರಿನ ಅಡಿ ಎಲ್ಲಿ ಆಳ ಎಲ್ಲಿ ಕೆಸರು ತಿಳಿಯಲ್ಲ. ಬೋಟ್ ಕಾಕಾ ಬೇಸಿಗೆ ರಜೆಯಲ್ಲಿ ಈಸೋದು ಕಲಿಸೋಕೆ ಶುರು ಮಾಡಿದ, ದುಡ್ಡು ಇಲ್ಲ. ಬೆನ್ನಿಗೆ ಪ್ಲಾಸ್ಟಿಕ್ ಕ್ಯಾನ್ ಕಟ್ಟಿ, ದಂಡೆಯ ಹತ್ತಿರ ಎದೆಮಟ್ಟದ ನೀರಿನಲ್ಲಿ. ಈಸೋಕೆ ಬಂದವರಿಗೆ ದೋಣಿ. ಆದರೆ ದೋಣಿಯ ಮೊದಲನೇ ಪಾಠವೇ ಅದನ್ನು ಬೇಕಂತಲೇ ಮಗುಚಿ ಹಾಕೋದು! ಹಾಯಿ ನೀರಿನಲ್ಲಿ ಮಲಗಿಕೊಳ್ಳುತ್ತದೆ, ಅಡಿಹಲಗೆ ಹೊರಗೆ ಚಾಚಿಕೊಳ್ಳುತ್ತದೆ, ಅದರ ಮೇಲೆ ನಿಂತು ಹಗ್ಗ ಜಗ್ಗಿದರೆ ದೋಣಿ ನಿಧಾನಕ್ಕೆ ಎದ್ದು ಕೂರುತ್ತದೆ. "ಏನಾದರೂ ಆಗಲಿ, ದೋಣಿ ಬಿಟ್ಟು ಈಸಬ್ಯಾಡ್ರಿ, ಅದು ಮುಳುಗೂದಿಲ್ಲ" ಅಂತ ದಿನಾ ಹೇಳುತ್ತಿದ್ದ. ಲೈಫ್ ಜಾಕೆಟ್ ಇಲ್ಲದೆ ಯಾರನ್ನೂ ಹತ್ತಿಸುತ್ತಿರಲಿಲ್ಲ, ಎಷ್ಟೇ ದೊಡ್ಡ ಮನುಷ್ಯ ಬಂದರೂ.

ಹೆಣ್ಣುಮಕ್ಕಳನ್ನು ಕಳಿಸೋಕೆ ಮನೆಯವರು ಹಿಂದೆ ಮುಂದೆ ನೋಡಿದರು. ನೌಕಾಪಡೆಯ 6 ಮಂದಿ ಹೆಣ್ಣುಮಕ್ಕಳು 2017ರಲ್ಲಿ ಗೋವಾದಿಂದ ತಾರಿಣಿ ಅನ್ನೋ ಹಾಯಿದೋಣಿಯಲ್ಲಿ ಹೊರಟು, ಭೂಮಿ ಸುತ್ತಿ 2018ರಲ್ಲಿ ವಾಪಸ್ ಬಂದಿದ್ದರಲ್ಲ, ಅವರ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಂಡು ಮನೆ ಮನೆಗೆ ಹೋದ. ಅವನ ಹೆಂಡತಿ, ನಮ್ಮ ವೈನಿಯನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದ. ಮುಂದಿನ ಬೇಸಿಗೆಗೆ ಹುಡುಗಿಯರು ಬಂದರು.

2019ರ ಆಗಸ್ಟ್ ಯಾರೂ ಮರೆಯೋದಿಲ್ಲ. ಘಟಪ್ರಭೆ, ಮಲಪ್ರಭೆ, ಕೃಷ್ಣೆ ಮೂರೂ ಒಟ್ಟಿಗೆ ಬಂದವು, ಪಟ್ಟದಕಲ್ಲಿನ ಗುಡಿಗಳಿಗೂ ನೀರು ಹೊಕ್ಕಿತು. ಪ್ರವಾಹದಲ್ಲಿ ಹಾಯಿ ಕೆಲಸಕ್ಕೆ ಬರಲ್ಲ ಅಂತ ಅವನೇ ಹೇಳಿ, ರಕ್ಷಣೆಗೆ ಬಂದವರ ರಬ್ಬರ್ ಬೋಟ್ ಹತ್ತಿ ದಾರಿ ತೋರಿಸೋಕೆ ನಿಂತ. ಒಂದು ಹಳ್ಳಿಯಲ್ಲಿ ಅಜ್ಜಿಯೊಬ್ಬಳು ಮಾಳಿಗೆ ಬಿಟ್ಟು ಇಳಿಯೋಕೆ ಒಪ್ಪಲಿಲ್ಲ. ಜೋಳದ ಚೀಲ ಬಿಟ್ಟು ಬರೋದಿಲ್ಲ ಅಂತ ಹಟ. ಗದರಿಸಿ ಎತ್ತಿಕೊಂಡು ಬರಬಹುದಿತ್ತು. ಅವನು ಮೊದಲು ಅಜ್ಜಿಯನ್ನು ಇಳಿಸಿ, ಮುಂದಿನ ಸರದಿಗೆ ಹೋಗಿ ಚೀಲವನ್ನೂ ತಂದ. "ಕ್ಯಾಂಪಿನ್ಯಾಗ ಅನ್ನ ಕೊಡ್ತಾರ. ಆಕಿ ಹುಟ್ಟಿದಾಗಿಂದ ರೊಟ್ಟಿ ತಿಂದಾಕಿ" ಅಂದ ನನ್ನ ಹತ್ತಿರ. ಆ ವಾರ ನಮ್ಮ ಮನೆಯಲ್ಲೂ ರೊಟ್ಟಿ ಬಡಿದಿದ್ದೇ ಬಡಿದಿದ್ದು, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅವನೇ ಬಂದು ಒಯ್ಯುತ್ತಿದ್ದ. ಅವ್ವ ಕೂತು ಎಣಿಸಿ ಕಟ್ಟಿಕೊಡುತ್ತಿದ್ದಳು. ಅವನ ಜೊತೆ ಮಾತ್ರ ಹಿನ್ನೀರಿನ ಸುದ್ದಿ ಮಾತಾಡುತ್ತಿದ್ದಳು ಅನ್ನೋದು ನನಗೆ ಆಗಲೇ ಗಮನಕ್ಕೆ ಬಂದಿದ್ದು.

ದೋಣಿ ಈಗ ಅವನ ತಮ್ಮನ ಶೆಡ್ಡಿನಲ್ಲಿದೆ. ಮಾರೋದು ಬೇಡ ಅಂತ ವೈನಿ ಹೇಳಿದ್ದಾರೆ. ಅವನ ಹತ್ತಿರ ಕಲಿತ ಹುಡುಗಿಯೊಬ್ಬಳು ಈಗ ಡಿಗ್ರಿ ಓದುತ್ತಿದ್ದಾಳೆ, ಬರೋ ಬೇಸಿಗೆಗೆ ಈಸೋದು ಕಲಿಸೋಕೆ ನಾನು ನಿಲ್ಲುತ್ತೇನೆ ಅಂದಿದ್ದಾಳೆ. ಲೈಫ್ ಜಾಕೆಟ್ ಹಳತಾಗಿವೆ, ಬಕಲ್ ಮುರಿದಿವೆ, ಚಿಕ್ಕ ಮಕ್ಕಳ ಅಳತೆಯವು ಇಲ್ಲವೇ ಇಲ್ಲ. ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನವರು ಸೇರಿ ಹೊಸದು ಕೊಡಿಸೋಣ ಅಂತ ಮಾತಾಗಿದೆ. ಬ್ಯಾಚಿನವರು ಯಾರಾದರೂ ಇದನ್ನು ಓದುತ್ತಿದ್ದರೆ ದೀಪಾವಳಿಗೆ ಊರಿಗೆ ಬಂದಾಗ ನಮ್ಮ ಮನೆಗೆ ಬನ್ನಿ, ಅಳತೆಯ ಪಟ್ಟಿ ನನ್ನ ಹತ್ತಿರ ಇದೆ.