ಎಷ್ಟು ಪರ್ಸೆಂಟ್ ಬಂತು ಮೇಡಂ?

ನಾನು ಕೆಲಸ ಮಾಡುವುದು ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ. ಪಿಎಚ್‌ಡಿ ಮಹಾಪ್ರಬಂಧಗಳು, ಎಂ.ಎ. ಪ್ರಾಜೆಕ್ಟುಗಳು ಸಲ್ಲಿಕೆಗೆ ಮುಂಚೆ ಕೃತಿಚೌರ್ಯ ತಪಾಸಣೆಗೆಂದು ನನ್ನ ಮೇಜಿಗೆ ಬರುತ್ತವೆ. ಫೈಲನ್ನು ತಂತ್ರಾಂಶಕ್ಕೆ ಹಾಕಿ, ಬೇರೆ ಬರಹಗಳಿಗೆ ಶೇಕಡಾ ಎಷ್ಟು ಹೋಲುತ್ತದೆ ಎಂಬ ವರದಿ ತೆಗೆದು ಸರ್ಟಿಫಿಕೇಟ್ ಕೊಡಬೇಕು. ವಿದ್ಯಾರ್ಥಿಯಾಗಲಿ ಅವರ ಗೈಡ್ ಆಗಲಿ, ಕೇಳುವುದು ಒಂದೇ ಮಾತು: "ಎಷ್ಟು ಪರ್ಸೆಂಟ್ ಬಂತು ಮೇಡಂ?"

ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಪ್ರಕಾರ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ. 10ರಿಂದ 40 ಆದರೆ ತಿದ್ದಿ ಆರು ತಿಂಗಳೊಳಗೆ ಮತ್ತೆ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ಕೊಡುವ ಹಾಗೇ ಇಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಇಷ್ಟು ಎಲ್ಲರಿಗೂ ಬಾಯಿಪಾಠ. ಆದರೆ ಅದೇ ನಿಯಮಾವಳಿಯಲ್ಲಿ ಲೆಕ್ಕದಿಂದ ಏನೇನು ಬಿಡಬೇಕು ಎಂದೂ ಇದೆ. ಆಕರ ತೋರಿಸಿದ ಉದ್ಧರಣೆಗಳು, ಪರಾಮರ್ಶನ ಗ್ರಂಥಗಳ ಪಟ್ಟಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಕಾನೂನುಗಳ ಪಠ್ಯ, ಸಾಮಾನ್ಯ ಪಾರಿಭಾಷಿಕ ಪದಗಳು, ಇವು ಯಾವುವೂ ಚೌರ್ಯದ ಲೆಕ್ಕಕ್ಕೆ ಬರುವುದಿಲ್ಲ. ಈ ಭಾಗ ಓದಿದವರು ಕಡಿಮೆ. ಓದದಿದ್ದರೆ ಏನಾಗುತ್ತದೆ ಅಂತೀರಾ? ವಚನಗಳ ಮೇಲೆ ಕೆಲಸ ಮಾಡಿದ ಹುಡುಗಿಯೊಬ್ಬಳು, ಪರ್ಸೆಂಟ್ ಜಾಸ್ತಿ ಬಂತೆಂದು ಹೆದರಿ, ವಚನಗಳನ್ನೇ ತನ್ನ ಮಾತಿನಲ್ಲಿ ತಿರುಗಿಸಿ ಬರೆದುಕೊಂಡು ಬಂದಿದ್ದಳು. ಅಂಕಿತ ಮಾತ್ರ ಹಾಗೇ ಉಳಿದಿತ್ತು! ಎಲ್ಲವನ್ನೂ ಮೊದಲಿನಂತೆ ಮಾಡಿ, ಪ್ರತಿ ವಚನದ ಕೆಳಗೆ ಸಂಪುಟ ಮತ್ತು ವಚನ ಸಂಖ್ಯೆ ಹಾಕು ತಾಯಿ ಎಂದು ಕೂರಿಸಿ ಹೇಳಬೇಕಾಯಿತು.

ಯಂತ್ರದ ಕಣ್ಣಿಗೆ ಬೀಳದೆ ಹೋಗುವ ಸಂಗತಿಗಳು ಇದಕ್ಕಿಂತ ಹೆಚ್ಚು. ಡಿಟಿಪಿ ಸೆಂಟರಿನಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ ಪ್ರಬಂಧ ಪರದೆ ಮೇಲೆ ಕನ್ನಡವಾಗಿ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅಂತರ್ಜಾಲದ ಯೂನಿಕೋಡ್ ಕನ್ನಡದ ಜೊತೆ ಅದು ಎಲ್ಲಿ ತಾಳೆಯಾಗಬೇಕು? ಸೊನ್ನೆ ಪರ್ಸೆಂಟ್ ಬರುತ್ತದೆ. ಹಾಗಾಗಿ ಕನ್ನಡದ ಫೈಲುಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಯೇ ತಪಾಸಣೆಗೆ ಹಾಕುತ್ತೇನೆ. ಇಂಗ್ಲಿಷ್ ಪುಸ್ತಕದ ಅಧ್ಯಾಯವನ್ನು ಹಾಗೇ ಕನ್ನಡಕ್ಕೆ ಇಳಿಸಿದರೂ ಬಹುಮಟ್ಟಿಗೆ ದಾಟಿಹೋಗುತ್ತದೆ. ಅದನ್ನು ಹಿಡಿಯಬಲ್ಲವರು ವಿಷಯ ಓದಿಕೊಂಡ ಗೈಡ್ ಮಾತ್ರ.

ಅಡಿಟಿಪ್ಪಣಿಗಳನ್ನು ಮೊದಲು ನೋಡುವ ಅಭ್ಯಾಸ ನನಗೆ ಬಂದದ್ದು ಇತಿಹಾಸದ ಒಂದು ಪ್ರಬಂಧದಿಂದ. ಹೊಯ್ಸಳರ ಕಾಲದ ದೇವಾಲಯಗಳ ಭೂದಾನದ ಬಗ್ಗೆ ಬರೆದದ್ದು. ಪರ್ಸೆಂಟ್ ಹತ್ತಕ್ಕಿಂತ ಎಷ್ಟೋ ಕೆಳಗಿತ್ತು. ಗ್ರಂಥಗಳ ಪಟ್ಟಿಯಲ್ಲಿ ಶಾಸನ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕಾದ (ಎ.ಕ.) ಪರಿಷ್ಕೃತ ಆವೃತ್ತಿ, ಅಂದರೆ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದದ್ದು, ಎಂದು ಆ ವಿದ್ಯಾರ್ಥಿ ಹಾಕಿದ್ದ. ಅಡಿಟಿಪ್ಪಣಿಗಳಲ್ಲಿ ಮಾತ್ರ ಸಾಲುಸಾಲಾಗಿ "ಎ.ಕ. 5, ಬೇಲೂರು". ಗ್ರಂಥಾಲಯದವರಿಗೆ ಇಷ್ಟು ಸಾಕು. ಹಾಸನ ಜಿಲ್ಲೆ 5ನೇ ಸಂಪುಟದಲ್ಲಿರುವುದು ಬಿ.ಎಲ್. ರೈಸ್ ಅವರ ಹಳೆಯ ಆವೃತ್ತಿಯಲ್ಲಿ. ಪರಿಷ್ಕೃತ ಆವೃತ್ತಿಯ 5ನೆಯದರಲ್ಲಿ ಇರುವುದು ಮೈಸೂರು, ತಿ. ನರಸೀಪುರದ ಕಡೆಯ ಶಾಸನಗಳು; ಬೇಲೂರು ಬರುವುದು 9ರಲ್ಲಿ. ಶಾಸನ ಸಂಖ್ಯೆಗಳೂ ಬೇರೆ. ಶ್ರವಣಬೆಳಗೊಳದ ಸಂಪುಟವನ್ನೇ ನೋಡಿ: ರೈಸ್ 1889ರಲ್ಲಿ 144 ಶಾಸನ ಕೊಟ್ಟರು, ಆರ್. ನರಸಿಂಹಾಚಾರ್ 1923ರಲ್ಲಿ ಅದನ್ನು 500ಕ್ಕೆ ಏರಿಸಿದರು, 1973ರದ್ದರಲ್ಲಿ 573 ಇವೆ. ಯಾವ ಆವೃತ್ತಿ ಎಂದು ಹೇಳದೆ ಬರೀ ಸಂಖ್ಯೆ ಕೊಟ್ಟರೆ ಓದುಗ ಯಾವುದೋ ವೀರಗಲ್ಲಿನ ಮುಂದೆ ಹೋಗಿ ನಿಲ್ಲುತ್ತಾನೆ.

"ಈ ಸಂಪುಟ ಎಲ್ಲಿ ನೋಡಿದ್ರಿ?" ಎಂದು ಕೇಳಿದೆ. "ಎಲ್ಲಾ ಬದಲಾಯಿಸಿ ಬರೆದಿದ್ದೀನಿ ಮೇಡಂ, ಒಂದು ಸಾಲೂ ಕಾಪಿ ಇಲ್ಲ" ಎಂದ. ಕೇಳಿದ್ದು ಅದನ್ನಲ್ಲವಲ್ಲ. ಹಳೆಯ ವಿದ್ವಾಂಸರೊಬ್ಬರ ಪುಸ್ತಕದಿಂದ ಶಾಸನಗಳ ಆಯ್ಕೆ, ಅವು ಬರುವ ಕ್ರಮ, ಅಡಿಟಿಪ್ಪಣಿ ಎಲ್ಲವನ್ನೂ ಎತ್ತಿಕೊಂಡು, ವಾಕ್ಯಗಳನ್ನು ಮಾತ್ರ ತನ್ನದಾಗಿಸಿಕೊಂಡಿದ್ದ. ಆ ಪುಸ್ತಕದ ಹೆಸರು ಕೊನೆಯ ಪಟ್ಟಿಯಲ್ಲಿತ್ತು, ಅಧ್ಯಾಯದಲ್ಲಿ ಒಂದು ಕಡೆಯೂ ಇರಲಿಲ್ಲ. ಮತ್ತೊಬ್ಬರ ವಿಚಾರವನ್ನು ತನ್ನದೆಂದು ತೋರಿಸುವುದೂ ನಿಯಮಾವಳಿಯ ಪ್ರಕಾರ ಕೃತಿಚೌರ್ಯವೇ. ಇದನ್ನು ಹೇಳಿದಾಗ ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಅವನನ್ನು ಕಳ್ಳ ಅನ್ನಲು ನನಗೆ ಮನಸ್ಸಿಲ್ಲ. ಅಡಿಟಿಪ್ಪಣಿ ಯಾಕೆ ಬರೆಯುತ್ತಾರೆಂದು ಎಂ.ಎ.ವರೆಗೂ ಅವನಿಗೆ ಯಾರೂ ಹೇಳಿರಲಿಲ್ಲ.

ದಾರಿ ಎರಡಿದ್ದವು. ಮೂಲ ನೋಡಿಲ್ಲದಿದ್ದರೆ "ಇಂಥವರ ಇಂಥ ಪುಸ್ತಕದಲ್ಲಿ ಉಲ್ಲೇಖಿತ, ಪುಟ ಇಷ್ಟು" ಎಂದು ನೇರವಾಗಿ ಬರೆಯುವುದು. ಅದರಲ್ಲಿ ಅವಮಾನವೇನಿಲ್ಲ. ಇಲ್ಲವಾದರೆ ಸಂಪುಟ ತೆಗೆದು ಓದುವುದು. ಮುಖ್ಯವಾದ ಶಾಸನಗಳಿಗಾದರೂ ಎರಡನೆಯದನ್ನು ಮಾಡಿ ಎಂದೆ. ಹಳಗನ್ನಡ ಅವನಿಗೆ ಕಷ್ಟವಾಯಿತು, ಆದರೂ ಕೂತ. ಆ ವಿದ್ವಾಂಸರು ದೇವರಿಗೆ ಬಿಟ್ಟ ಭೂಮಿ ಎಂದಷ್ಟೇ ಬರೆದಿದ್ದ ಒಂದು ಕಡೆ, ಶಾಸನದಲ್ಲಿ ಕೆರೆಯ ನಿರ್ವಹಣೆಗೆ ಬಿಟ್ಟ ಬಿತ್ತುವಟ್ಟದ ಮಾತೂ ಇತ್ತು. ಮಾರನೇ ದಿನ ಅದನ್ನು ತೋರಿಸಲು ಸಂಪುಟವನ್ನೇ ಹೊತ್ತು ತಂದಿದ್ದ.

ಇನ್ನೊಂದು ಸಣ್ಣ ವಿಷಯ, ತುಂಬಾ ಪ್ರಬಂಧಗಳಲ್ಲಿ ಕಾಣುವಂಥದ್ದು. ಹಿಂದಿನ ಟಿಪ್ಪಣಿಯ ಪುಸ್ತಕವೇ ಎಂಬರ್ಥದಲ್ಲಿ "ಅದೇ, ಪು. 45" ಎಂದು ಬರೆದಿರುತ್ತಾರೆ. ಗೈಡ್ ಹೇಳಿದರೆಂದು ಪ್ಯಾರಾಗಳನ್ನು ಹಿಂದುಮುಂದು ಮಾಡಿದ ಮೇಲೆ ಆ "ಅದೇ" ಇನ್ಯಾವುದೋ ಪುಸ್ತಕಕ್ಕೆ ಅಂಟಿಕೊಂಡಿರುತ್ತದೆ. ಕರಡು ಮುಗಿಯುವ ತನಕ ಲೇಖಕರ ಹೆಸರು, ಪುಸ್ತಕದ ಹೆಸರು, ವರ್ಷ, ಪುಟ ಪೂರ್ತಿ ಬರೆದಿಟ್ಟುಕೊಳ್ಳಿ. "ಅದೇ", "ಪೂರ್ವೋಕ್ತ" ಎಲ್ಲ ಕಡೆಯ ಪ್ರತಿಯಲ್ಲಿ ಮಾಡಿದರಾಯಿತು. ಜಾನಪದದವರಿಗೆ ವಕ್ತೃವಿನ ಹೆಸರು, ಊರು, ಹಾಡು ಸಂಗ್ರಹಿಸಿದ ದಿನಾಂಕವೇ ಅಡಿಟಿಪ್ಪಣಿ. ಹಾಡಿದ ಅಜ್ಜಿಗೂ ಹೆಸರಿದೆಯಲ್ಲ.

ಈಚೆಗೆ ಚಾಟ್‌ಬಾಟ್‌ನಿಂದ ಬಂದ ಗ್ರಂಥಪಟ್ಟಿಗಳೂ ಸಿಗುತ್ತಿವೆ. ಲೇಖಕರು ನಿಜ, ಪ್ರಕಾಶಕರು ನಿಜ, ಪುಸ್ತಕವೇ ಇಲ್ಲ. ತಪಾಸಣೆಯಲ್ಲಿ ಅದು ಯಾವುದಕ್ಕೂ ಹೋಲುವುದಿಲ್ಲ, ಎಲ್ಲೂ ಇಲ್ಲದ್ದು ಯಾವುದಕ್ಕೆ ಹೋಲೀತು? ಪಟ್ಟಿಯಿಂದ ಕೆಲವು ಹೆಸರು ಆರಿಸಿ ಕ್ಯಾಟಲಾಗಿನಲ್ಲಿ ಹುಡುಕುವುದನ್ನೂ ಈಗ ಕೆಲಸಕ್ಕೆ ಸೇರಿಸಿಕೊಂಡಿದ್ದೇನೆ. ನಮ್ಮ ಸರ್ಟಿಫಿಕೇಟಿನಲ್ಲಿ ಇರುವುದು ಪರ್ಸೆಂಟಿನ ಕಾಲಂ ಒಂದೇ. "ಆಕರಗಳನ್ನು ಪರಿಶೀಲಿಸಲಾಗಿದೆ" ಎಂಬ ಇನ್ನೊಂದನ್ನು ಸೇರಿಸಿ ಎಂದು ಟಿಪ್ಪಣಿ ಕಳಿಸಿದ್ದೇನೆ, ಕಡತ ಇನ್ನೂ ಓಡಾಡುತ್ತಿದೆ.